ಮೂಸೆಯ ಉಕ್ಕು ಮತ್ತು ನಮ್ಮ ಮಂಗಳೂರು ಬಂದರು

ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ವರ್ಷಕ್ಕೆ ಎರಡು ಮೂರು ಸಲ ಒಂದು ಸಂದೇಶ ಬಂದೇ ಬರುತ್ತದೆ. ಜಗತ್ಪ್ರಸಿದ್ಧ ಡಮಾಸ್ಕಸ್ ಖಡ್ಗಗಳ ಉಕ್ಕನ್ನು ಅರಬ್ ನಾಡಿಗೆ ಕೊಂಡುಹೋದವರು ನಮ್ಮ ಬ್ಯಾರಿ ಹಿರಿಯರಂತೆ, ಆ ಉಕ್ಕು ಇಲ್ಲೇ ಮಂಗಳೂರಿನಲ್ಲಿ ತಯಾರಾಗುತ್ತಿತ್ತಂತೆ. ಕೆಳಗೆ ಒಂದು ಖಡ್ಗದ ಚಿತ್ರ, ಅದರ ಕೆಳಗೆ ಐವತ್ತು ಮಂದಿಯ ‘ಮಾಷಾ ಅಲ್ಲಾಹ್’. ನಾನು ಉಪ್ಪಳದಲ್ಲಿ ಮೂವತ್ತು ವರ್ಷ ಹಾರ್ಡ್‌ವೇರ್ ಅಂಗಡಿ ನಡೆಸಿದವನು. ಕಬ್ಬಿಣದ ವಿಷಯ ಬಂದರೆ ಸುಮ್ಮನೆ ಕೂರಲು ಆಗುವುದಿಲ್ಲ. ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ಈ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಆ ಸಂದೇಶದಲ್ಲಿ ನಿಜ ಎಷ್ಟು, ಸೇರಿಸಿದ್ದು ಎಷ್ಟು ಎಂದು ಬಿಡಿಸಿ ಹೇಳಬೇಕು ಅನಿಸಿತು. ನಿಜ ಇರುವಷ್ಟೇ ಸಾಕಷ್ಟು ದೊಡ್ಡದಿದೆ.

ಮೊದಲು ಉಕ್ಕು ಎಂದರೇನು ಎನ್ನುವುದು. ಅಂಗಡಿಗೆ ಬರುವ ಗಿರಾಕಿಗಳಿಗೆ ಕಬ್ಬಿಣವೂ ಉಕ್ಕೂ ಒಂದೇ. ಆದರೆ ಕುಲುಮೆಯ ಆಚಾರಿಗಳಿಗೆ ಎರಡೂ ಬೇರೆ ಬೇರೆ. ಹಳೆಯ ಕಾಲದ ಗೂಡುಒಲೆಯಲ್ಲಿ ಅದಿರನ್ನೂ ಇದ್ದಿಲನ್ನೂ ಹಾಕಿ ತಿದಿ ಒತ್ತಿದರೆ ಕಬ್ಬಿಣ ಕರಗಿ ಹರಿಯುತ್ತಿರಲಿಲ್ಲ. ಕಿಟ್ಟ ಮಾತ್ರ ಕರಗಿ ಇಳಿಯುತ್ತಿತ್ತು, ಕಬ್ಬಿಣ ಸ್ಪಂಜಿನ ಹಾಗೆ ತೂತುತೂತಾದ ಮುದ್ದೆಯಾಗಿ ಉಳಿಯುತ್ತಿತ್ತು. ಅದನ್ನು ಕೆಂಪಗೆ ಇರುವಾಗಲೇ ಬಡಿದು ಬಡಿದು ಒಳಗಿನ ಕಿಟ್ಟವನ್ನು ಹೊರಡಿಸಬೇಕು. ಹೀಗೆ ಸಿಗುವುದು ಮೆದು ಕಬ್ಬಿಣ. ನೇಗಿಲ ಗುಳಕ್ಕೆ, ಗಾಡಿಯ ಪಟ್ಟಿಗೆ, ಮೊಳೆಗೆ ಸಾಕು. ಖಡ್ಗಕ್ಕೆ ಸಾಲದು, ಏಟು ಬಿದ್ದಲ್ಲಿ ಬಾಗುತ್ತದೆ, ಅಂಚು ನಿಲ್ಲುವುದಿಲ್ಲ.

ಇದೇ ಕಬ್ಬಿಣಕ್ಕೆ ನೂರಕ್ಕೆ ಒಂದೂವರೆ ಪಾಲಿನಷ್ಟು ಇಂಗಾಲ ಸೇರಿದರೆ ಕಥೆಯೇ ಬೇರೆ. ಗಟ್ಟಿಯಾಗುತ್ತದೆ, ಹರಿತ ಹಿಡಿಯುತ್ತದೆ. ಜತೆಗೆ ಇನ್ನೊಂದು ಅನುಕೂಲ: ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು, ಇಂಗಾಲ ಸೇರಿದ ಕಬ್ಬಿಣಕ್ಕೆ ಅದಕ್ಕಿಂತ ಸುಮಾರು ನೂರು ಡಿಗ್ರಿ ಕಡಿಮೆ ಸಾಕು. ಇದ್ದಿಲು ಮತ್ತು ತಿದಿಯ ಬಲದಲ್ಲಿ ಆ ಶಾಖವನ್ನು ಮುಟ್ಟಬಹುದು. ಆದರೆ ಬರೀ ಬೆಂಕಿಗೆ ಎಸೆದರೆ ಇಂಗಾಲದ ಹದ ಕೈಗೆ ಸಿಗುವುದಿಲ್ಲ. ಅದಕ್ಕೆ ನಮ್ಮ ದಕ್ಷಿಣದವರು ಕಂಡುಕೊಂಡ ದಾರಿ ಮೂಸೆ. ಮಣ್ಣಿನ ಸಣ್ಣ ಪಾತ್ರೆಯೊಳಗೆ ಕಬ್ಬಿಣವನ್ನೂ ಸೊಪ್ಪುಕಡ್ಡಿಯನ್ನೂ ಇಟ್ಟು, ಬಾಯಿ ಮುಚ್ಚಿ, ಹೊರಗಿನಿಂದ ಬೆಂಕಿ ಕೊಡುವುದು.

ಇದನ್ನು ಕಣ್ಣಾರೆ ನೋಡಿ ಬರೆದವರಲ್ಲಿ ಫ್ರಾನ್ಸಿಸ್ ಬುಕಾನನ್ ಮುಖ್ಯ. ನಮ್ಮ ಕಾಸರಗೋಡು ಕಡೆಯವರಿಗೆ ಈ ಹೆಸರು ಹೊಸದಲ್ಲ. ಟಿಪ್ಪು ಸುಲ್ತಾನರು 1799ರಲ್ಲಿ ಬಿದ್ದ ಮೇಲೆ, ಗೆದ್ದ ನಾಡಿನಲ್ಲಿ ಏನೇನಿದೆ ಎಂದು ಲೆಕ್ಕ ಹಾಕಲು ಕಂಪೆನಿ ಸರಕಾರ ಕಳಿಸಿದ ವೈದ್ಯ ಆತ. 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು ಸೀಮೆ, ಮಲಬಾರು ಸುತ್ತಿ, 1801ರ ಆರಂಭದಲ್ಲಿ ಕಾಸರಗೋಡು, ಕುಂಬಳೆ, ಮಂಜೇಶ್ವರ ದಾಟಿ ಮಂಗಳೂರಿಗೆ ಬಂದಿದ್ದ. ಅವನ ಮೂರು ಸಂಪುಟಗಳ ಪುಸ್ತಕ ಅಚ್ಚಾದದ್ದು 1807ರಲ್ಲಿ. ಉಕ್ಕಿನ ಕುಲುಮೆಯನ್ನು ಅವನು ಕಂಡದ್ದು ನಮ್ಮ ಕರಾವಳಿಯಲ್ಲಲ್ಲ, ಘಟ್ಟದ ಮೇಲೆ, ಇಂದಿನ ತುಮಕೂರು ಜಿಲ್ಲೆಯ ಮಧುಗಿರಿ, ಚಿನ್ನರಾಯನದುರ್ಗದ ಕಡೆ.

ಅಲ್ಲಿ ಮಳೆಗಾಲದ ಹಳ್ಳಗಳು ಗುಡ್ಡದಿಂದ ಹೊತ್ತು ತರುವ ಕರಿಮರಳೇ ಅದಿರು. ಅದರಿಂದ ಮೊದಲು ಮೆದು ಕಬ್ಬಿಣದ ಸಣ್ಣ ಬೆಣೆಗಳನ್ನು ಮಾಡಿಕೊಳ್ಳುತ್ತಿದ್ದರು. ಒಂದು ಬೆಣೆಯನ್ನು ಮೂರು ಪಾಲು ಮಾಡಿ, ಒಂದೊಂದು ಪಾಲನ್ನು ಒಂದೊಂದು ಮೂಸೆಗೆ ಹಾಕುವುದು. ಅದರ ಜತೆ ಮೂರು ರೂಪಾಯಿ ತೂಕದಷ್ಟು ತಂಗಡಿ ಗಿಡದ (ಆವರಿಕೆ ಎಂದೂ ಹೇಳುತ್ತಾರೆ) ಕಡ್ಡಿ, ಒಂದು ಬಳ್ಳಿಯ ಎರಡು ಹಸಿ ಎಲೆ. ಮೇಲೆ ಹಸಿಮಣ್ಣಿನ ಮುಚ್ಚಳ ಮೆತ್ತಿ ಒಣಗಿಸುವುದು. ಈ ಕಡ್ಡಿ ಮತ್ತು ಎಲೆಯೇ ಇಂಗಾಲದ ಮೂಲ. ‘ಮೂರು ರೂಪಾಯಿ ತೂಕ’ ಎನ್ನುವ ಮಾತು ಓದಿದಾಗ ನನಗೆ ತಕ್ಕಡಿ ನೆನಪಾಯಿತು. ಕೈಯಂದಾಜಿನ ಕೆಲಸ ಎಂದು ನಾವು ತಿಳಿದಿರುವುದು ನಾಣ್ಯ ಇಟ್ಟು ತೂಗಿ ಮಾಡಿದ ಕೆಲಸ.

ಒಲೆಯ ಜೋಡಣೆ ಇನ್ನೂ ಚಂದ. ಇಳಿಜಾರಾದ ಬಾಯಿಯ ಕುಳಿಯೊಲೆಯ ಸುತ್ತ ಮೂಸೆಗಳನ್ನು ಒಂದು ಸಾಲು ಇಡುತ್ತಾರೆ, ಅದರ ಒಳಗೆ ಇನ್ನೊಂದು ಸಾಲು, ನಡುವೆ ಒಂದೇ ಒಂದು. ಒಟ್ಟು ಹದಿನೈದು. ಕಮಾನು ಕಟ್ಟಿದ ಹಾಗೆ ಮೂಸೆಗಳೇ ಒಂದಕ್ಕೊಂದು ಆತು ಒಲೆಗೆ ಗುಮ್ಮಟವಾಗುತ್ತವೆ. ಹೊರಸಾಲಿನ ಒಂದು ಮೂಸೆ ಮಾತ್ರ ಖಾಲಿ, ಅಡ್ಡಲಾಗಿ ಮಲಗಿರುತ್ತದೆ. ಅದನ್ನು ಎಳೆದು ಆ ತೂತಿನಲ್ಲಿ ಇದ್ದಿಲು ತುಂಬಿಸಿ ಮತ್ತೆ ಮುಚ್ಚುವುದು. ಮೂಸೆಯೇ ಬಾಗಿಲು! ಕೆಲಸಕ್ಕೆ ಹದಿಮೂರು ಮಂದಿ. ಮೂಸೆ ಮಾಡಿ, ತುಂಬಿಸಿ, ಜೋಡಿಸುವ ಯಜಮಾನ ಒಬ್ಬ. ಉಳಿದವರು ಮೂರು ಮೂರು ಜನರ ನಾಲ್ಕು ಪಾಳಿ. ಒಬ್ಬ ಬೆಂಕಿ ನೋಡಿಕೊಂಡರೆ ಇಬ್ಬರು ತಿದಿ ಒತ್ತುವವರು. ಕೊನೆಗೆ ಮೂಸೆ ಒಡೆದರೆ ಒಳಗೆ ಗುಂಡಿಯಂಥ ಉಕ್ಕಿನ ಗಟ್ಟಿ, ಮೇಲ್ಮೈಯಲ್ಲಿ ಹರಳುಗಟ್ಟಿದ ಗುರುತು. ಹರಳು ಕಂಡರೆ ಪೂರ್ತಿ ಕರಗಿದೆ ಎಂದರ್ಥ. ಒಂದು ಗಟ್ಟಿ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು.

ಈ ಉಕ್ಕು ಏನೇನಾಗುತ್ತಿತ್ತು? ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು, ಇನ್ನು ವಾದ್ಯಗಳ ತಂತಿ. ಚನ್ನಪಟ್ಟಣದಲ್ಲಿ ಎಳೆಯುತ್ತಿದ್ದ ಉಕ್ಕಿನ ತಂತಿ ಭಾರತದ ದೂರದೂರಕ್ಕೆ ಹೋಗುತ್ತಿತ್ತು ಎಂದು ಬುಕಾನನ್ ಬರೆಯುತ್ತಾನೆ. ಖಡ್ಗದ ಚಿತ್ರ ಹಂಚುವವರು ವೀಣೆಯ ತಂತಿಯ ಚಿತ್ರವನ್ನೂ ಒಮ್ಮೆ ಹಂಚಬೇಕು.

ಮೂಸೆಯ ಮಣ್ಣಿಗೂ ಒಂದು ಗುಟ್ಟಿತ್ತು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಸಿಕ್ಕಿದ ಹಳೆಯ ಮೂಸೆ ಚೂರುಗಳನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಮಣ್ಣಿಗೆ ಭತ್ತದ ಹೊಟ್ಟು ಕಲಸಿರುವುದು ಅದರಲ್ಲಿ ಕಾಣುತ್ತದೆ. ಹೊಟ್ಟು ಸುಟ್ಟು ಮಸಿಯಾದರೂ ಅದರೊಳಗಿನ ಮರಳಿನ ಅಂಶ ಉಳಿದು ಮೂಸೆಗೆ ಎಲುಬುಗೂಡಿನ ಹಾಗೆ ನಿಲ್ಲುತ್ತದೆ, ಅಷ್ಟು ಶಾಖದಲ್ಲೂ ಮೂಸೆ ಕುಸಿಯುವುದಿಲ್ಲ. ತಮಿಳುನಾಡಿನ ಮೇಲ್‌ಸಿರುವಳೂರಿನಲ್ಲೂ ಇಂಥ ಮೂಸೆಗಳ ರಾಶಿಯನ್ನು ಬೆಂಗಳೂರಿನ ಸಂಶೋಧಕಿ ಶಾರದಾ ಶ್ರೀನಿವಾಸನ್ ಗುರುತಿಸಿದ್ದಾರೆ.

ಇನ್ನು ವ್ಯಾಪಾರದ ಕಡೆಗೆ ಬರುತ್ತೇನೆ. ‘ಬ್ಯಾರಿ’ ಎನ್ನುವ ಹೆಸರೇ ‘ಬ್ಯಾರ’, ಅಂದರೆ ವ್ಯಾಪಾರದಿಂದ ಬಂತು ಎಂದು ನಾವು ಹೇಳಿಕೊಳ್ಳುವವರಲ್ಲವೇ.

ಹಿಂದ್ ದೇಶದ ಉಕ್ಕು ಅರಬರಿಗೆ ಬಹಳ ಹಿಂದಿನಿಂದ ಗೊತ್ತಿತ್ತು ಎನ್ನುವುದಕ್ಕೆ ಅವರ ಭಾಷೆಯೇ ಸಾಕ್ಷಿ. ಒಳ್ಳೆಯ ಖಡ್ಗಕ್ಕೆ ಅರಬಿಯಲ್ಲಿ ‘ಮುಹನ್ನದ್’ ಎನ್ನುತ್ತಾರೆ, ಹಿಂದ್‌ನದ್ದು ಎಂದು ಅರ್ಥ. ಪ್ರವಾದಿಯವರ (ಸ) ಮುಂದೆ ಕಅಬ್ ಇಬ್ನ್ ಝುಹೈರ್ ಹಾಡಿದ ಪ್ರಸಿದ್ಧ ಕವಿತೆಯಲ್ಲಿ ಆ ಪದ ಬರುತ್ತದೆ. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನ ಅಲ್ ಕಿಂದೀ ಖಡ್ಗಗಳ ಬಗೆಗಳ ಮೇಲೆಯೇ ಒಂದು ಪುಸ್ತಕ ಬರೆದರು. ಅದರಲ್ಲಿ ಸರಂದೀಬ್, ಅಂದರೆ ಸಿಲೋನಿನ ಉಕ್ಕಿನ ಮಾತೂ ಇದೆ. ಆದರೆ ಇಲ್ಲಿ ಒಂದು ಮಾತು ಸೇರಿಸಬೇಕು. ಮೂಸೆಯ ಉಕ್ಕು ನಮ್ಮೊಬ್ಬರ ಸೊತ್ತಲ್ಲ. ಮಧ್ಯ ಏಷ್ಯಾದ ಮರ್ವ್‌ನಲ್ಲಿ, ಫರ್ಗಾನಾ ಕಣಿವೆಯ ಅಖ್‌ಸಿಕತ್‌ನಲ್ಲಿ ಸಾವಿರ ವರ್ಷ ಹಿಂದಿನ ಉಕ್ಕಿನ ಕುಲುಮೆಗಳನ್ನು ಅಗೆದು ತೆಗೆದಿದ್ದಾರೆ. ‘ಡಮಾಸ್ಕಸ್ ಖಡ್ಗ’ ಎಂದು ಕರೆದದ್ದೆಲ್ಲ ಭಾರತದ ಉಕ್ಕಿನದ್ದೇ ಎನ್ನುವ ಮಾತು ನಿಲ್ಲುವುದಿಲ್ಲ.

ಮಂಗಳೂರಿನ ಮಟ್ಟಿಗೆ ಗಟ್ಟಿ ಸಾಕ್ಷಿ ಸಿಗುವುದು ಹನ್ನೆರಡನೇ ಶತಮಾನದಲ್ಲಿ, ಅದೂ ನಾವು ನಿರೀಕ್ಷಿಸದ ಜಾಗದಿಂದ. ಕೈರೋದ ಹಳೆಯ ಯಹೂದಿ ಪ್ರಾರ್ಥನಾಲಯದ ಒಂದು ಕೋಣೆಯಲ್ಲಿ ಶತಮಾನಗಳ ಕಾಗದ ರಾಶಿ ಬಿದ್ದಿತ್ತು. ಅದನ್ನು ಗೆನೀಝಾ ಎನ್ನುತ್ತಾರೆ. ಅದರಲ್ಲಿ ಅಬ್ರಹಾಂ ಬೆನ್ ಯಿಜೂ ಎಂಬ ವರ್ತಕನ ಪತ್ರಗಳೂ ಲೆಕ್ಕಗಳೂ ಇದ್ದವು. ಟ್ಯುನೀಸಿಯಾ ಮೂಲದ ಈ ಯಹೂದಿ 1132ರಿಂದ 1149ರವರೆಗೆ, ಹೆಚ್ಚು ಕಡಿಮೆ ಹದಿನೇಳು ವರ್ಷ, ಮಂಗಳೂರನ್ನೇ ನೆಲೆ ಮಾಡಿಕೊಂಡಿದ್ದ. ಇಲ್ಲಿಯ ಹೆಣ್ಣನ್ನು ಮದುವೆಯಾದ, ಹಿತ್ತಾಳೆ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಏಡನ್‌ನಲ್ಲಿದ್ದ ಅವನ ವ್ಯಾಪಾರದ ಪಾಲುದಾರರು ಹಳೆಯ ಒಡಕು ಪಾತ್ರೆಗಳನ್ನು ಕಳಿಸಿ, ಕರಗಿಸಿ ಹೊಸದು ಮಾಡಿ ಕಳಿಸು ಎನ್ನುತ್ತಿದ್ದರು. ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಓದಿದವರಿಗೆ ಈತನ ಮತ್ತು ಈತನ ಸೇವಕ ಬೊಮ್ಮನ ಪರಿಚಯ ಇರುತ್ತದೆ.

ಆ ಪತ್ರಗಳಲ್ಲಿ ಕರಿಮೆಣಸು, ಏಲಕ್ಕಿ, ಅಡಿಕೆಯ ಜತೆ ಮತ್ತೆ ಮತ್ತೆ ಬರುವ ಸರಕು ಕಬ್ಬಿಣ. ಬಹಾರ್ ಲೆಕ್ಕದಲ್ಲಿ ತೂಗಿ, ಬೇರೆ ಬೇರೆ ದರ್ಜೆಯ ಕಬ್ಬಿಣವನ್ನು ಬೇರೆ ಬೇರೆ ಹೆಸರಿನಿಂದ ಬರೆದು ಹಡಗಿಗೆ ಏರಿಸುತ್ತಿದ್ದರು. ಏಡನ್‌ನ ದೊಡ್ಡ ವರ್ತಕ ಮದ್ಮೂನ್ ಒಂದು ಪತ್ರದಲ್ಲಿ, ಮಂಗಳೂರಿನ ವರ್ತಕರಿಗೆ ಹೇಳಿ ಅಲ್ಲಿಂದಲೇ ಒಂದು ಹಡಗು ಹೊರಡಿಸು, ಕರಿಮೆಣಸು, ಕಬ್ಬಿಣ, ಶುಂಠಿ ಹಾಕಿಸು, ಇಲ್ಲಿ ಎಲ್ಲಕ್ಕೂ ಬೇಡಿಕೆ ಇದೆ ಎಂಬ ಅರ್ಥದಲ್ಲಿ ಬರೆಯುತ್ತಾನೆ. ಯಹೂದಿ, ಮುಸ್ಲಿಂ, ಹಿಂದೂ ಮೂವರೂ ಸೇರಿದ ಪಾಲುದಾರಿಕೆಯ ಕಾಲ ಅದು.

ಈ ಪತ್ರಗಳನ್ನು ಓದಿದ ಮೇಲೆ ನನ್ನ ತೀರ್ಮಾನ ಇಷ್ಟು: ಮಂಗಳೂರಿನಿಂದ ಏಡನ್‌ಗೆ ಕಬ್ಬಿಣ ಹೋದದ್ದು ನೂರಕ್ಕೆ ನೂರು ನಿಜ. ಅದರ ಮೇಲೆ ‘ಬ್ಯಾರಿಗಳೇ ಕೊಂಡುಹೋದರು, ಇಲ್ಲೇ ಮಾಡಿದರು’ ಎಂದು ಬರೆದರೆ ಅದು ಆ ಕಾಗದಗಳಲ್ಲಿ ಇಲ್ಲದ ಮಾತು. ಬೆನ್ ಯಿಜೂ ಹೋಗಿ ಸುಮಾರು ಇನ್ನೂರು ವರ್ಷಗಳ ಮೇಲೆ ಬಂದ ಇಬ್ನ್ ಬತೂತಾ, ಫಾರ್ಸ್ ಮತ್ತು ಯಮನ್‌ನ ವರ್ತಕರು ಇಳಿಯುವ ಊರು ಮಂಗಳೂರು, ಇಲ್ಲಿ ನಾಲ್ಕು ಸಾವಿರದಷ್ಟು ಮುಸ್ಲಿಮರು ಇದ್ದಾರೆ ಎಂದು ಬರೆದಿದ್ದಾನೆ. ಅವನು ಹೊಗಳಿದ್ದು ಮೆಣಸನ್ನೂ ಶುಂಠಿಯನ್ನೂ. ಬಂದರಿನಲ್ಲಿ ನಮ್ಮವರು ಇದ್ದರು, ಬಂದರಿನಿಂದ ಕಬ್ಬಿಣ ಹೋಗುತ್ತಿತ್ತು. ಈ ಎರಡು ಮಾತುಗಳನ್ನು ಕೂಡಿಸಿ ಮೂರನೆಯದನ್ನು ಹುಟ್ಟಿಸುವ ಅವಸರ ನಮಗೇಕೆ? ಅದರಿಂದ ಯಾರ ಪಾಲು ಮರೆಯಾಗುತ್ತದೆ ಎಂದು ಯೋಚಿಸಿ. ಘಟ್ಟದ ಮೇಲೆ ಹೊಗೆಯಲ್ಲಿ ಕೂತು ತಿದಿ ಒತ್ತಿದವರ ಪಾಲು. ನಮ್ಮ ಹೆಸರಿನ ಖಡ್ಗದ ಚಿತ್ರದಲ್ಲಿ ಅವರಿಗೆ ಜಾಗವೇ ಇಲ್ಲ.

ವರ್ತಕನಿಗೂ ಕುಲುಮೆಗೂ ಸಂಬಂಧ ಹೇಗಿತ್ತು ಎಂದು ನೋಡಬೇಕಾದರೆ ತೆಲಂಗಾಣದ ಕೋನಸಮುದ್ರಂಗೆ ಹೋಗಬೇಕು. ನಿಝಾಮಾಬಾದ್ ಕಡೆಯ ಹಳ್ಳಿ. ಹದಿನೇಳನೇ ಶತಮಾನದಲ್ಲೇ ಫ್ರೆಂಚ್ ವರ್ತಕ ತಾವೆರ್ನಿಯೆ, ಪರ್ಷಿಯಾದವರು ಖಡ್ಗಕ್ಕೆ ಬಳಸುವ ಉಕ್ಕು ಗೋಲ್ಕೊಂಡದ ಸೀಮೆಯಿಂದ ಬರುತ್ತದೆ, ಸಣ್ಣ ರೊಟ್ಟಿಯಂಥ ತುಂಡುಗಳಾಗಿ ಮಾರುತ್ತಾರೆ ಎಂದು ಬರೆದಿದ್ದ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕೋನಸಮುದ್ರಂಗೆ ಹೋದ ಹೆನ್ರಿ ವಾಯ್ಸಿಯ ವರದಿ 1832ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. ಅಲ್ಲಿ ಎರಡು ಬೇರೆ ಊರಿನ ಕಬ್ಬಿಣವನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಿ ಮೂಸೆಗೆ ಹಾಕುತ್ತಿದ್ದರು. ಪರ್ಷಿಯಾದ ವರ್ತಕರು ಬಂದರಿನಲ್ಲಿ ಕಾಯದೆ ಕುಲುಮೆಯ ಬಾಗಿಲಿಗೇ ಬರುತ್ತಿದ್ದರು. ನಮ್ಮ ದೇಶದಲ್ಲಿ ಇದನ್ನು ಮಾಡಲು ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ ಎಂದು ವಾಯ್ಸಿಗೆ ಹೇಳಿದರು.

ಯಾಕೆ ಆಗಲಿಲ್ಲ ಎನ್ನುವುದಕ್ಕೆ ಒಂದು ಉತ್ತರ ಬಂದದ್ದು ನಮ್ಮ ಕಾಲದಲ್ಲಿ. ಅಮೆರಿಕದ ಲೋಹವಿಜ್ಞಾನಿ ವರ್‌ಹೋವನ್ ಮತ್ತು ಲಾಳ ಕಟ್ಟುವ ಕಮ್ಮಾರ ಪೆಂಡ್ರೇ ಸೇರಿ 1990ರ ದಶಕದಲ್ಲಿ ಹಳೆಯ ಅಲಗುಗಳನ್ನು ಪರೀಕ್ಷಿಸಿ, ಹೊಸದನ್ನು ಮಾಡಿಯೂ ತೋರಿಸಿದರು. ಆ ಖಡ್ಗಗಳ ಮೇಲೆ ನೀರಿನ ಅಲೆಯಂತೆ ಕಾಣುವ ಗೆರೆಗಳಿಗೆ ಪರ್ಷಿಯನ್ನಿನಲ್ಲಿ ‘ಜೌಹರ್’ ಎನ್ನುತ್ತಾರೆ. ಗೆರೆ ಮೂಡಲು ಇಂಗಾಲ ಒಂದೇ ಸಾಲದು, ಅದಿರಿನಲ್ಲಿ ವೆನೇಡಿಯಂನಂಥ ಧಾತು ಕಾಣದಷ್ಟು ಕಡಿಮೆ ಪ್ರಮಾಣದಲ್ಲಿ ಇರಬೇಕು ಎಂಬುದು ಅವರು ಕಂಡದ್ದು. ಅಂದರೆ ವಿದ್ಯೆ ಗೊತ್ತಿದ್ದರೂ ಅದಿರು ಬೇರೆಯಾದರೆ ಗೆರೆ ಮೂಡದು. ಪರ್ಷಿಯಾದ ವರ್ತಕರು ಕೋನಸಮುದ್ರಂವರೆಗೆ ನಡೆದದ್ದು ಸುಮ್ಮನೆ ಅಲ್ಲ.

ಪದದ ಕಥೆ ಇನ್ನೂ ಸ್ವಾರಸ್ಯ. 1794ರಲ್ಲಿ ಬೊಂಬಾಯಿಯ ವೈದ್ಯ ಹೆಲೆನಸ್ ಸ್ಕಾಟ್ ಈ ಉಕ್ಕಿನ ಮಾದರಿಯನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಓದಿದ. ಅದರ ಹೆಸರನ್ನು ಅವರು ಬರೆದದ್ದು ‘ವೂಟ್ಸ್’ ಎಂದು. ಇದೆಂಥ ಪದ ಎಂದು ಯೂಲ್ ಮತ್ತು ಬರ್ನೆಲ್ ತಮ್ಮ ‘ಹಾಬ್ಸನ್ ಜಾಬ್ಸನ್’ ನಿಘಂಟಿನಲ್ಲಿ (1886) ಹುಡುಕಿ, ಇದು ‘ವೂಕ್’ ಎಂಬುದನ್ನು ತಪ್ಪಾಗಿ ಓದಿದ್ದಿರಬೇಕು, ಮೂಲ ಕನ್ನಡದ ‘ಉಕ್ಕು’ ಎಂದು ಊಹಿಸಿದರು. ಬರ್ನೆಲ್ ಮಂಗಳೂರಿನಲ್ಲಿ ಜಿಲ್ಲಾ ನ್ಯಾಯಾಧೀಶನಾಗಿದ್ದವನು, ಕನ್ನಡವೂ ತುಳುವೂ ಅವನ ಕಿವಿಗೆ ಹೊಸದಲ್ಲ. ತೆಲುಗಿನಲ್ಲೂ ಉಕ್ಕು, ಮಲಯಾಳದಲ್ಲಿ ಉರುಕ್ಕ್, ಕರಗಿಸಿದ್ದು ಎಂಬ ಅರ್ಥದ ಒಂದೇ ಬೇರು. ಇಂದಿಗೂ ಜಗತ್ತಿನ ಲೋಹವಿಜ್ಞಾನದ ಪುಸ್ತಕಗಳಲ್ಲಿ ಇರುವುದು ಆ ವೂಟ್ಸ್. ಇತ್ತ ನಮ್ಮ ಅಡುಗೆಮನೆಯಲ್ಲಿ ‘ಉಕ್ಕಿನ ಪಾತ್ರೆ’ ಎಂದರೆ ಉಮ್ಮನಿಗೆ ಅರ್ಥ ಆಗುವುದಿಲ್ಲ, ‘ಸ್ಟೀಲ್’ ಎನ್ನಬೇಕು.

ಇಂಗ್ಲೆಂಡಿಗೆ ಹೋದ ಈ ಗಟ್ಟಿಗಳು ಅಲ್ಲಿಯ ದೊಡ್ಡ ದೊಡ್ಡವರಿಗೆ ಕೆಲಸ ಕೊಟ್ಟವು. ಕಮ್ಮಾರನ ಮಗನಾಗಿದ್ದ ಮೈಕೆಲ್ ಫ್ಯಾರಡೆ, ಚಾಕುಕತ್ತರಿ ತಯಾರಕ ಜೇಮ್ಸ್ ಸ್ಟೊಡಾರ್ಟ್ ಜತೆ ಸೇರಿ 1819ರಿಂದ 1822ರವರೆಗೆ ಇದರ ಗುಟ್ಟು ಹುಡುಕಿದ. ಗುಟ್ಟು ಪೂರ್ತಿ ಸಿಗಲಿಲ್ಲ. ಆದರೆ ಉಕ್ಕಿಗೆ ಬೇರೆ ಲೋಹ ಬೆರೆಸಿ ನೋಡುವ ವಿಜ್ಞಾನಕ್ಕೆ ಅದು ದಾರಿ ಮಾಡಿತು. ಅಲ್ಲಿಯ ಕಮ್ಮಾರರಿಗೆ ಇದು ಕೈಗೆ ಒಗ್ಗಲಿಲ್ಲ. ತಮ್ಮ ಕಬ್ಬಿಣವನ್ನು ಕಾಯಿಸುವಷ್ಟೇ ಬೆಳ್ಳಗೆ ಕಾಯಿಸಿ ಬಡಿದರೆ ಪುಡಿಪುಡಿಯಾಗುತ್ತಿತ್ತು. ಕಡಿಮೆ ಶಾಖದಲ್ಲಿ, ತಾಳ್ಮೆಯಿಂದ ಬಡಿಯಬೇಕಾದ ಉಕ್ಕು ಅದು.

ಮತ್ತೆ ಇದು ನಿಂತದ್ದು ಯಾಕೆ? ‘ಬ್ರಿಟಿಷರು ಬೆರಳು ಕತ್ತರಿಸಿದರು’ ಎಂಬಂಥ ಮಾತುಗಳನ್ನು ನಾನು ಇಲ್ಲಿ ತರುವುದಿಲ್ಲ. ಅಂಗಡಿಯವನಾಗಿ ನೋಡಿದರೆ ಕಾರಣಗಳು ಸರಳ. ಖಡ್ಗ ಕೊಳ್ಳುವವರೇ ಇಲ್ಲವಾದರು. ಯುದ್ಧ ಬಂದೂಕಿಗೆ ತಿರುಗಿತು, ಅರಸರ ಸೈನ್ಯಗಳು ಕರಗಿದವು, 1857ರ ನಂತರ ಜನರ ಆಯುಧಗಳನ್ನು ಕಸಿದುಕೊಂಡರು, 1878ರ ಶಸ್ತ್ರಾಸ್ತ್ರ ಕಾಯ್ದೆ ಬಾಗಿಲು ಹಾಕಿತು. ಅದೇ ವರ್ಷದ ಅರಣ್ಯ ಕಾಯ್ದೆಯಿಂದ ಕಾಡು ಸರಕಾರದ್ದಾಯಿತು, ಇದ್ದಿಲು ಸುಡುವವನು ಕಳ್ಳನಾದ. ಇದ್ದಿಲಿಲ್ಲದೆ ಕುಲುಮೆ ಇಲ್ಲ. ಇವೆರಡಕ್ಕಿಂತ ಜೋರಾದ ಏಟು ಬೆಲೆಯದು. 1856ರಲ್ಲಿ ಬೆಸ್ಸೆಮರ್ ವಿಧಾನ ಬಂದ ಮೇಲೆ ಕರಗಿದ ಕಬ್ಬಿಣಕ್ಕೆ ಗಾಳಿ ಊದಿ ನಿಮಿಷಗಳಲ್ಲಿ ಟನ್‌ಗಟ್ಟಲೆ ಉಕ್ಕು ಮಾಡಬಹುದಾಯಿತು. ಹಡಗಿನಲ್ಲಿ ಬಂದ ಸರಳು ಉದ್ದ, ಒಂದೇ ಸಮ, ಅಗ್ಗ. ಹದಿಮೂರು ಮಂದಿ ಪಾಳಿಯ ಮೇಲೆ ದುಡಿದು ತೆಗೆಯುವ ಹದಿನಾಲ್ಕು ಸಣ್ಣ ಗಟ್ಟಿ ಅದರ ಮುಂದೆ ಹೇಗೆ ನಿಂತೀತು? ಊರಿನ ಕಮ್ಮಾರನೇ ಹಡಗಿನ ಸರಳು ಕೊಂಡ. ನಾನು ಆ ಕಾಲದಲ್ಲಿ ಅಂಗಡಿ ಇಟ್ಟಿದ್ದರೆ ಅದನ್ನೇ ಮಾರುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಬಂದರಿಗೆ ಮಾತ್ರ ಕೆಲಸ ತಪ್ಪಲಿಲ್ಲ. ಒಂದು ಕಾಲದಲ್ಲಿ ಕಬ್ಬಿಣವನ್ನು ಹೊರಗೆ ಕಳಿಸುತ್ತಿದ್ದ ಕರಾವಳಿಯಲ್ಲೇ ಈಗ ಹೊರಗಿನ ಕಬ್ಬಿಣ ಇಳಿಯತೊಡಗಿತು, ಅಷ್ಟೇ. ಹಡಗಿನ ಲಂಗರು, ಓಡದ ಮೊಳೆ, ಹೆಂಚಿನ ಕಾರ್ಖಾನೆಯ ಯಂತ್ರ, ಎಲ್ಲ ಆ ದಾರಿಯಲ್ಲೇ ಬಂದವು.

ಇದನ್ನು ಓದುವ ಮನೆಗಳಲ್ಲಿ ಒಂದು ಕೇಳಿಕೆ ಇದೆ. ಮಂಗಳೂರು ಬಂದರ್, ಉಳ್ಳಾಲ, ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಹಳೆಯ ಅಂಗಡಿಗಳ, ಮಂಜಿಗಳ ಲೆಕ್ಕದ ಪುಸ್ತಕಗಳು ಕೆಲವರ ಅಟ್ಟದಲ್ಲಿ ಇನ್ನೂ ಇವೆ. ಕನ್ನಡದಲ್ಲಿ ಇರಬಹುದು, ಅರಬಿ ಮಲಯಾಳದಲ್ಲಿ ಇರಬಹುದು. ಬೆನ್ ಯಿಜೂವಿನ ಕಾಗದಗಳು ಉಳಿದದ್ದು ಯಾರೂ ಅವನ್ನು ಗುಜರಿಗೆ ಹಾಕದ ಕಾರಣಕ್ಕೆ. ಮನೆ ಒಡೆದು ಹೊಸದು ಕಟ್ಟುವ ಮುಂಚೆ ಆ ಪುಸ್ತಕಗಳನ್ನು ಒಮ್ಮೆ ಬಿಚ್ಚಿ ನೋಡಿ, ಪುಟಗಳ ಫೋಟೋ ತೆಗೆದು ಇಡಿ. ಕಬ್ಬಿಣದ ಹೆಸರು, ತೂಕ, ಬೆಲೆ, ಯಾರಿಂದ ಬಂತು, ಯಾರಿಗೆ ಹೋಯಿತು ಎಂಬ ಸಾಲು ಸಿಕ್ಕಿದರೆ ನನಗೆ ತಿಳಿಸಿ. ಅರಬಿ ಮಲಯಾಳ ಓದಬಲ್ಲ ಉಸ್ತಾದರೊಬ್ಬರು ನಮ್ಮ ಊರಿನಲ್ಲಿ ಇದ್ದಾರೆ, ಇಬ್ಬರೂ ಕೂತು ಓದುತ್ತೇವೆ.